ನೀಲಿಗಟ್ಟಿದ ಡಿಸ್ಕ್

ಬರೀ ಡ್ಯಾಮಿನವರೆಗೆ ಹೋಗಿ ಬರುವ ಕಾರಿನ ಬ್ರೇಕ್ ಡಿಸ್ಕ್ ಹೀಗೆ ನೀಲಿಗಟ್ಟುವುದು ಹೇಗೆ? ಹೊಸಪೇಟೆಯ ಮನೆಯಂಗಳದಲ್ಲಿ ಚಕ್ರ ಬಿಚ್ಚಿ ಕೂತಿದ್ದ ಹಂಪೇಶನಿಗೆ ಅರ್ಥವಾಗಲಿಲ್ಲ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಮಾತ್ರ ಕಬ್ಬಿಣ ನೀಲಿಯಾಗುವಷ್ಟು ಕಾಯುತ್ತದೆ. ಡ್ಯಾಮಿನ ದಾರಿಯಲ್ಲಿ ಅಂಥ ಇಳಿಜಾರಿಲ್ಲ.

ಹಳೆಯ ಡಿಸ್ಕ್ ಎಳೆದಾಗ ಹಿಂದಿನಿಂದ ಅದಿರಿನ ಕೆಂಪು ಧೂಳು ಉದುರಿತು. ಸಂಡೂರಿನ ಘಾಟಿನ ಧೂಳು. ಘಾಟಿನಾಚೆ ಬಂಡ್ರಿ, ಬಂಡ್ರಿಯಲ್ಲಿ ಚಿಕ್ಕಪ್ಪ. ಮದುವೆಯೊಂದರಲ್ಲಿ ಜಗಳವಾದ ಮೇಲೆ, "ಅವನ ಹೊಸ್ತಿಲ ತುಳಿಯಂಗಿಲ್ಲ ನಾನು" ಎಂದು ಅಪ್ಪ ತೋಟಪ್ಪ ಎಲ್ಲರೆದುರು ಹೇಳಿದ್ದರು. ಈ ಕಾರು ಓಡಿಸುವವರು ಅಪ್ಪ ಒಬ್ಬರೇ.

ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದು ಅವರ ಹಳೆಯ ಚಟ. ಆಗ ಎಂಜಿನ್ ತಡೆಯುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಹಾಗೇ ಇಳಿಯುತ್ತ ಹೋದರೆ ಒಂದು ದಿನ ಬ್ರೇಕ್ ಹಿಡಿಯುವುದಿಲ್ಲ.

"ಏನ್ಲೇ, ಚಕ್ರದಾಗ ಜಾತಕ ಓದ್ತೀಯೇನು?" ಅಪ್ಪ ಚಹಾ ಹಿಡಿದು ಬಂದರು.

ಹಂಪೇಶ ಹೊಸ ಡಿಸ್ಕ್ ಒರೆಸಿ ಕೂರಿಸಿದ. "ಇಳಿಜಾರಿನ್ಯಾಗ ನ್ಯೂಟ್ರಲ್ ಬ್ಯಾಡ್ರಿ ಅಪ್ಪಾ. ಸೆಕೆಂಡ್ ಗೇರ್‌ನ್ಯಾಗ ಇಳೀರಿ."

"ಡ್ಯಾಮಿನ ದಾರ್ಯಾಗ ಇಳಿಜಾರು ಎಲ್ಲೈತಲೇ?"

"ಇಲ್ಲ ಬಿಡ್ರಿ. ಎಲ್ಲ್ಯಾರ ಇದ್ರ ಅಂತ ಹೇಳ್ದೆ."

ಅಪ್ಪ ನೆಲದ ಮೇಲಿನ ಕೆಂಪು ಧೂಳನ್ನೇ ನೋಡುತ್ತ ನಿಂತರು. "ಸೆಕೆಂಡ್ ಸಾಕೇನು?" ಎಂದರು.

"ಸಾಕ್ರಿ, ಭಾಳ ಆತು."

ಭಾನುವಾರ ಅಪ್ಪ ಡ್ಯಾಮಿಗೆಂದು ಕಾರು ತೆಗೆದಾಗ ಹಂಪೇಶ ಗೇಟು ತೆರೆದು ನಿಂತ. ಬಂಡ್ರಿಯ ವಿಷಯ ತನಗೆ ಗೊತ್ತಿದೆಯೆಂದು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.