ಹತ್ತನೆಯ ಪದ

"ಆ ಉರಿಬಿಸಿಲಲ್ಲಿ ಅಬ್ರಹಾಮ ಗುಡಾರದ ಬಾಗಿಲಲ್ಲೇ ಯಾಕೆ ಕೂತಿದ್ದ, ಹೇಳಿ ನೋಡೋಣ," ಎಂದ ಹನಾನ್ಯಾ. "ದಾರಿಹೋಕರು ಯಾರಾದರೂ ಬಂದರೆ ಒಳಗೆ ಕರೆಯೋಕೆ," ಎಂದು ಉತ್ತರವನ್ನೂ ತಾನೇ ಹೇಳಿದ. ಬುಖಾರದ ಯಹೂದಿ ಕೇರಿಯ ಪ್ರಾರ್ಥನಾ ಮಂದಿರದಲ್ಲಿ ಗೋಡೆಗೊರಗಿ ಕೂತಿದ್ದ ಮುದುಕರೆಲ್ಲ ತಾವೂ ಬಾಗಿಲನ್ನೇ ನೋಡುತ್ತಿದ್ದರು.

ಪ್ರತಿ ಶನಿವಾರ ಧರ್ಮಗ್ರಂಥ ತೋರಾದ ಆ ವಾರದ ಭಾಗದಿಂದ ಬಾಳಿಗೊಂದು ಪಾಠ ಹೆಕ್ಕಿ ಕೊಡುವುದು ಹನಾನ್ಯಾನ ಕೆಲಸ. ಮೊದಲು ಓದು, ಆಮೇಲೆ ಪಾಠ. ಇವತ್ತು ಪಾಠವೇ ಮೊದಲು ಶುರುವಾಗಿತ್ತು, ಹೊತ್ತು ತಳ್ಳಲು. ಹತ್ತು ಗಂಡಸರು ಕೂಡದೆ ತೋರಾದ ಸುರುಳಿಯನ್ನು ಹೊರಗೆ ತೆಗೆಯುವಂತಿಲ್ಲ. ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಯೂ ಇಲ್ಲ. ಹನಾನ್ಯಾ ಸೇರಿ ಇದ್ದವರು ಒಂಬತ್ತೇ ಮಂದಿ. ಅವನ ಹೆಂಡತಿ ಮಜೋಲ್ ತೀರಿಕೊಂಡು ಇವತ್ತಿಗೆ ವರ್ಷ.

ಕೊನೆಗೆ ಬಂದವನು ಅವನ ಮಗ ರಫೋಯೆಲ್.

ರಫೋಯೆಲ್ ತಾಜಿಕ್ ಮುಸಲ್ಮಾನರ ಹುಡುಗಿಯನ್ನು ಮದುವೆಯಾದಾಗ ಹನಾನ್ಯಾ ಅಂಗಿ ಹರಿದುಕೊಂಡು, ಏಳು ದಿನ ನೆಲದ ಮೇಲೆ ಕೂತು, ಬದುಕಿದ್ದ ಮಗನ ಸೂತಕ ಕಳೆದಿದ್ದ. ಮಜೋಲ್ ಆ ಏಳು ದಿನವೂ ಒಲೆಯ ಬಳಿ ನಿಂತೇ ಇದ್ದಳು. ಕೂರಲಿಲ್ಲ.

"ಬಾ ಮಗಾ, ಒಳಗೆ ಬಾ! ಅಂತೂ ಕೂಡಿತು," ಎಂದ ಮಂದಿರ ನೋಡಿಕೊಳ್ಳುವ ಯೂನೊ. "ಹನಾನ್ಯಾ, ಎಣಿಸು."

ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದು. ಅದಕ್ಕೆಂದೇ ಹತ್ತು ಪದಗಳ ಒಂದು ವಚನವಿದೆ, ತಲೆಗೊಂದು ಪದ. ಹನಾನ್ಯಾ ತನ್ನಿಂದ ಶುರುಮಾಡಿ ಸಾಲು ಹಿಡಿದು ಹೋದ. ಒಂಬತ್ತನೆಯ ಪದ ಯೂನೊನ ಮೇಲೆ ಬಿತ್ತು. ಹತ್ತನೆಯದು ನಾಲಗೆಯ ತುದಿಗೆ ಬಂತು. ಬಾಯಿ ಮುಚ್ಚಿದ.

"ಒಂದು ತಲೆ ಕಡಿಮೆ."

"ಕಣ್ಣು ಹೋಯ್ತೇನೋ ನಿಂಗೆ?" ಯೂನೊ ರೇಗಿದ. "ಹೆಂಡ್ತಿ ಯಾರಾದ್ರೇನು, ಇವನು ಯಹೂದಿ ತಾಯಿ ಹೊಟ್ಟೇಲಿ ಹುಟ್ಟಿದೋನು. ಶಾಸ್ತ್ರ ನಿಂಗೆ ನಾನು ಹೇಳ್ಬೇಕಾ?"

"ಶಾಸ್ತ್ರ ಗೊತ್ತು. ಸೂತಕ ಕಳೆದ ಮೇಲೆ ಸತ್ತೋನು ಸತ್ತ."

"ಭಲೇ ಹೆಣ! ಟೋಪಿ ಹಾಕ್ಕೊಂಡು ನಡ್ಕೊಂಡೇ ಬಂದಿದೆ." ಯಾರೋ ನಕ್ಕು, ಕೆಮ್ಮಿನಲ್ಲಿ ಅದನ್ನು ಅಡಗಿಸಿದರು.

"ಅಪ್ಪ, ನನಗೋಸ್ಕರ ಅಲ್ಲ," ಎಂದ ರಫೋಯೆಲ್. "ಅಮ್ಮನಿಗೆ ಒಂದು ಕದ್ದೀಶ್. ಹೇಳಿ ಹೊರಟುಹೋಗ್ತೀನಿ."

ಹನಾನ್ಯಾ ತಲೆಯೆತ್ತಲಿಲ್ಲ. ಆ ಒಂದು ಪದ ಹೇಳಿಬಿಟ್ಟರೆ ತಾನು ನೆಲದ ಮೇಲೆ ಕೂತ ಏಳು ದಿನ ಸುಳ್ಳಾಗುತ್ತಿತ್ತು. ಮಜೋಲ್ ನಿಂತಿದ್ದೇ ನಿಜವಾಗುತ್ತಿತ್ತು.

"ಒಂದು ತಲೆ ಕಡಿಮೆ," ಎಂದ ಮತ್ತೆ.

ರಫೋಯೆಲ್ ಬಾಗಿಲ ಕಡೆ ತಿರುಗಿದ. "ನಾನು ಸತ್ತಿದ್ರೆ ಈ ಒಂದು ವರ್ಷದಲ್ಲಿ ಅಮ್ಮ ಅಲ್ಲಿ ಸಿಗಬೇಕಿತ್ತು. ಸಿಗಲಿಲ್ಲ, ಅಪ್ಪ." ಹೊಸ್ತಿಲನ್ನು ಮುಟ್ಟಿ ನಮಸ್ಕರಿಸುವಂತೆ ಬಾಗಿಲ ಚೌಕಟ್ಟನ್ನು ಮುಟ್ಟಿ, ಬೆರಳನ್ನು ತುಟಿಗೆ ಒತ್ತಿಕೊಂಡು ಹೋದ.

ಮತ್ಯಾರೂ ಬರಲಿಲ್ಲ. ಸುರುಳಿ ತೆಗೆಯಲಿಲ್ಲ. ಹನಾನ್ಯಾ ಅಚ್ಚಿನ ಪುಸ್ತಕವನ್ನೇ ಬಿಡಿಸಿಕೊಂಡು ಓದತೊಡಗಿದ. ಅಬ್ರಹಾಮ ಬೆಳಗ್ಗೆ ಬೇಗನೆ ಎದ್ದು, ದಾಸಿ ಹಾಗಾರಳ ಹೆಗಲಿಗೆ ರೊಟ್ಟಿಯನ್ನೂ ನೀರಿನ ಚೀಲವನ್ನೂ ಏರಿಸಿ, ಅವಳಲ್ಲಿ ಹುಟ್ಟಿದ ತನ್ನ ಮಗನನ್ನೂ ಜೊತೆಗೆ ಹೊರಹಾಕಿದ ಜಾಗ ಬಂತು.

"ಇಲ್ಲಿ ಏನು ಪಾಠ, ಹನಾನ್ಯಾ?" ಎಂದು ಯೂನೊ ಕೇಳಿದ. ದನಿಯಲ್ಲಿ ಕುಹಕವಿರಲಿಲ್ಲ.

ಹನಾನ್ಯಾ ಅದೇ ಸಾಲಿನ ಮೇಲೆ ಮತ್ತೆ ಬೆರಳಿಟ್ಟ. ಇಷ್ಟು ವರ್ಷ ಮಾತು ತಾನಾಗಿಯೇ ಬರುತ್ತಿತ್ತು. ಪರದೆಯ ಹಿಂದೆ ಹೆಂಗಸರು ಕೂರುವ ಕಡೆ ಬಟ್ಟೆ ಸರಸರ ಎಂದಿತು. ಚಪ್ಪಲಿ ಮೆಟ್ಟುವ ಸದ್ದು, ಹಿಂಬಾಗಿಲ ಸದ್ದು. ಅವನು ದನಿ ಏರಿಸಿ ಮುಂದಿನ ಸಾಲು ಓದಿದ, ಅದರ ಮುಂದಿನದನ್ನೂ ಓದಿದ. ತಲೆಯೆತ್ತಿದಾಗ ಹಿಂದೆ ಯಾರೂ ಇಲ್ಲದ ಪರದೆ ಗಾಳಿಗೆ ಉಬ್ಬಿ, ಗೋಡೆಗೆ ಹೋಗಿ ಅಂಟಿಕೊಳ್ಳುತ್ತಿತ್ತು.