ಉಡಚಪ್ಪನ ಟಾಂಗಾ

ಹುಬ್ಬಳ್ಳಿಯಿಂದ ಬರುವ ಬೆಳಗಿನ ಪ್ಯಾಸೆಂಜರ್ ಕುಂದಗೋಳ ಸ್ಟೇಶನ್ನಿನಲ್ಲಿ ನಿಂತಾಗ ಎಸ್ತೇರಬಾಯಿ ರೊಟ್ಟಿ ಬಡಿಯುವುದನ್ನು ಬಿಟ್ಟು, ಸ್ಟೇಶನ್ನಿಗೆ ಎದುರಾಗಿದ್ದ ಮನೆಯ ಕಿಟಕಿಗೆ ಬಂದಳು. ಹದಿನೈದು ದಿನಗಳಿಂದ ಇದೇ ಆಗಿತ್ತು. ಇಳಿದ ಜನ ಹೊರಗೆ ನಿಂತ ಮೂರು ಟಾಂಗಾಗಳಲ್ಲಿ ಎರಡನ್ನು ಮಾತ್ರ ಹತ್ತಿದರು. ಜಾಗ ಸಿಗದವರು ಗಂಟು ಹೊತ್ತು ನಡೆದರು. ಮೂರನೆಯ ಟಾಂಗಾದ ಉಡಚಪ್ಪ ತಲೆ ತಗ್ಗಿಸಿ ಕುದುರೆಯ ಬೆನ್ನು ಉಜ್ಜುತ್ತ ನಿಂತಿದ್ದ. ಹಂಚಿನ ಮೇಲಿನ ರೊಟ್ಟಿ ಸೀದು ಮನೆ ತುಂಬ ಹೊಗೆಯಾಯಿತು.

ಮೂರು ವರ್ಷದ ಹಿಂದೆ, ಎಪ್ಪತ್ತೆರಡರ ಯುಗಾದಿಯ ಮರುದಿನ, ಉಡಚಪ್ಪ ಕುಡಿದು ಓಡಿಸಿದ ಟಾಂಗಾದ ಗಾಲಿಗೆ ಸಿಕ್ಕು ಅವಳ ಏಳು ವರ್ಷದ ಮಗಳು ರೂತ್ ಸತ್ತಿದ್ದಳು. ಖಟ್ಲೆ ವರ್ಷದ ಮೇಲೆ ನಡೆದು ಅವನಿಗೆ ಒಂದೂವರೆ ವರ್ಷ ಜೈಲಾಯಿತು. ಶಿಕ್ಷೆ ಮುಗಿಸಿ ಬಂದವನು ಹೆಂಡತಿಯ ತವರಿನಲ್ಲಿ ಬಿಟ್ಟಿದ್ದ ಕುದುರೆಯನ್ನು ತಂದು ಮತ್ತೆ ಟಾಂಗಾ ಹೂಡಿದ್ದ. ಕುಡಿತ ಬಿಟ್ಟಿದ್ದಾನೆಂದು ಎಲ್ಲರೂ ಹೇಳುತ್ತಿದ್ದರು. ಹತ್ತುವವರು ಮಾತ್ರ ಯಾರೂ ಇರಲಿಲ್ಲ.

ಎಸ್ತೇರಬಾಯಿ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ಗಂಡ ದೇವದಾನಪ್ಪನಿಗೆ ರೈಲ್ವೆಯಲ್ಲಿ ನೌಕರಿ. ಉಡಚಪ್ಪನ ಮುಖ ಕಾಣಬಾರದೆಂದು ಅವಳು ಹಳಿ ದಾಟಿ, ಹೊಲದ ದಾರಿ ಹಿಡಿದು ಶಾಲೆಗೆ ಹೋಗುತ್ತಿದ್ದಳು. ಹಾಗೆ ಹೋದರೂ ನೆಮ್ಮದಿ ಇಲ್ಲ. ಮಗ್ಗಿ ತಪ್ಪಿದ ಹುಡುಗಿಯ ಕೆನ್ನೆಗೆ ಹೊಡೆದು, ಆಮೇಲೆ ದಿನವಿಡೀ ಆ ಮಗುವಿನ ಕಡೆ ನೋಡಲಾರದೆ ಹೋದಳು. ರವಿವಾರ ಹುಬ್ಬಳ್ಳಿಯ ಚರ್ಚಿನಲ್ಲಿ ಎಲ್ಲರೊಂದಿಗೆ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದೊಡನೆ ನಾಲಿಗೆ ನಿಂತಿತು. ಎದ್ದು ಹೊರಗೆ ಹೋದಳು.

ಮರುದಿನ ಸಂಜೆ ಉಡಚಪ್ಪನ ಹೆಂಡತಿ ರೇವವ್ವ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಕುದುರೆಯನ್ನು ಅಣ್ಣಿಗೇರಿಯವರಿಗೆ ಮಾರುವ ಮಾತಾಗಿದೆ, ಗುರುವಾರ ಬಂದು ಒಯ್ಯುತ್ತಾರೆ ಎಂದಳು. ಅಳಲಿಲ್ಲ, ಕೈ ಮುಗಿಯಲೂ ಇಲ್ಲ.

“ಮಂದಿ ಏನಂತಾರ ಗೊತ್ತೇನ್ರಿ ಅಕ್ಕೋರ? ನಾವು ಹತ್ತಿದ್ರ ಅಕ್ಕೋರ ಮನಸಿಗೆ ನೋವಾಕ್ಕೈತಿ ಅಂತಾರ. ನಿಮ್ಮ ಹೆಸರು ಹೇಳಿದ ಮ್ಯಾಲ ನಾ ಯಾರ ಕೂಡ ಜಗಳಾ ಮಾಡ್ಲಿ?”

“ನಾ ಯಾರಿಗೂ ಹತ್ತಬ್ಯಾಡ್ರಿ ಅಂದಿಲ್ಲ,” ಎಂದಳು ಎಸ್ತೇರಬಾಯಿ ಸಿಟ್ಟಿನಿಂದ.

“ಹತ್ರಿ ಅಂತನೂ ಅಂದಿಲ್ರಿ.”

ಇಷ್ಟು ಹೇಳಿ ರೇವವ್ವ ಹೊರಟುಹೋದಳು.

ರಾತ್ರಿ ಊಟಕ್ಕೆ ಕುಳಿತಾಗ ಎಸ್ತೇರಬಾಯಿ ಇದನ್ನು ಗಂಡನಿಗೆ ಹೇಳಿದಳು. ದೇವದಾನಪ್ಪ ತಾಟನ್ನು ಸರಿಸಿದ. “ಆತಗ ದೇವರು ಕ್ಷಮಾ ಮಾಡ್ಲಿ. ನನ್ನ ಕೈಲೆ ಆಗೂದಿಲ್ಲ. ನೀ ಮಾಡು ಅಂತನೂ ಅನ್ನೂದಿಲ್ಲ, ಬ್ಯಾಡ ಅಂತನೂ ಅನ್ನೂದಿಲ್ಲ,” ಎಂದ.

ಮರುದಿನವೆಲ್ಲ ಅವಳು ಕೂತಲ್ಲಿ ಕೂಡಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತನ್ನ ದುಃಖದ ಹೆಸರಿನಲ್ಲಿ ಊರು ಇನ್ನೊಂದು ಮನೆಯ ಅನ್ನ ತಪ್ಪಿಸುತ್ತಿತ್ತು. ಖಾಲಿ ಟಾಂಗಾ ಕಂಡಾಗ ತನಗೆ ಒಳಗೊಳಗೇ ಹಿತವೆನಿಸುತ್ತಿತ್ತು ಎಂಬುದೂ ಈಗ ತಿಳಿದು, ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಬುಧವಾರ ರೊಟ್ಟಿಯ ಕೆಲಸ ಬೇಗ ಮುಗಿಸಿ, ಗಾಡಿ ಬಂದ ಹೊತ್ತಿಗೆ ಅವಳು ಶಾಲೆಯ ಚೀಲ ಹಿಡಿದು ಹೊರಟಳು. ಹಳಿ ದಾಟಲಿಲ್ಲ. ನೇರ ಟಾಂಗಾಗಳ ಕಡೆ ನಡೆದಳು. ಗಂಟು ಹೊತ್ತ ಜನ ಸರಿದು ದಾರಿ ಬಿಟ್ಟರು. ಉಡಚಪ್ಪನ ಟಾಂಗಾ ಹತ್ತಿ ಕುಳಿತು, ಶಾಲೆಗೆ ಹೋಗಬೇಕೆಂದಳು.

ಅವನು ಲಗಾಮು ಹಿಡಿದು ಹಾಗೆಯೇ ನಿಂತ. “ಇಳೀರಿ ಅಕ್ಕೋರ. ನಿಮ್ಮನ್ನ ಕುಂಡ್ರಿಸ್ಕೊಂಡು ಹೊಡಿಯಾಕ ನನ್ನ ಕೈಲೆ ಆಗೂದಿಲ್ಲ.”

“ನನಗೂ ಇದರಾಗ ಕುಂಡ್ರೂದು ಹಗುರ ಇಲ್ಲ. ನನ್ನ ಸಿಟ್ಟು ಪೂರಾ ಹೋಗಿಲ್ಲ ಉಡಚಪ್ಪ, ಸುಳ್ಳು ಹೇಳೂದಿಲ್ಲ. ಆದ್ರ ನಿನ್ನ ಕೆಟ್ಟದ್ದು ಬಯಸಿ ಬಯಸಿ ನನಗ ಸಾಕಾಗೈತಿ. ಸಾವಕಾಶ ಹೊಡಿ.”

ಟಾಂಗಾ ಹೊರಟಿತು. ಹಿಟ್ಟಿನ ಗಿರಣಿಯ ತಿರುವು ಬಂತು. ರೂತ್ ಬಿದ್ದದ್ದು ಅಲ್ಲಿಯೇ. ಉಡಚಪ್ಪ ಕೆಳಗಿಳಿದು, ಕುದುರೆಯ ಬಾಯಿಯ ಬಳಿ ಹಗ್ಗ ಹಿಡಿದು ಬರಿಗಾಲಲ್ಲಿ ನಡೆಯತೊಡಗಿದ. ಅವನ ಹೆಗಲು ಅಲುಗುತ್ತಿದ್ದವು. ಎಸ್ತೇರಬಾಯಿ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಕಣ್ಣು ತುಂಬಿದವು, ಮುಚ್ಚಲಿಲ್ಲ.

ತಿರುವಿನಾಚೆ ಕಾಯಿಪಲ್ಲೆ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಟಾಂಗಾ ನೋಡಿ ನಿಂತಳು. ಉಡಚಪ್ಪನನ್ನು ನೋಡಿದಳು, ಆಮೇಲೆ ಅಕ್ಕೋರ ಮುಖ ನೋಡಿದಳು.

ಎಸ್ತೇರಬಾಯಿ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಸರಿದು ಕುಳಿತಳು.

“ಬರ್ರಿ ಯವ್ವಾ, ಜಾಗಾ ಐತಿ.”