ತೊಟ್ಟಿಯ ಎಸೆತಗಳೂ ಲೆಕ್ಕಕ್ಕೆ

ನಮ್ಮ ಪ್ರೇರಿ ಬೆಂಡ್ ಊರಿನಲ್ಲಿ ನನ್ನನ್ನು ಕಂಡರೆ ಬೇಸ್‌ಬಾಲ್ ಕೋಚ್‌ಗಳಿಗೆ ಆಗುವುದಿಲ್ಲ. ಮೂವತ್ತೊಂದು ವರ್ಷ ಅಂಚೆ ಹಂಚಿದಾಗ ನಾಯಿಗಳನ್ನು ಬಿಟ್ಟರೆ ಬೇರೆ ಯಾರೂ ನನ್ನ ಮೇಲೆ ಗುರ್ರೆಂದಿರಲಿಲ್ಲ. ನಿವೃತ್ತನಾಗಿ ಮಕ್ಕಳ ಲೀಗ್‌ನಲ್ಲಿ ಎಸೆತ ಎಣಿಸುವ ಕೆಲಸ ಹಿಡಿದೆ ನೋಡಿ, ಅಲ್ಲಿಂದ ಶುರುವಾಯಿತು. ಹನ್ನೊಂದು ಹನ್ನೆರಡರ ಮಕ್ಕಳು ದಿನಕ್ಕೆ ಎಂಬತ್ತೈದು ಎಸೆತ ಹಾಕಬಹುದು. ಎಂಬತ್ತಾರನೆಯದು ಬೇಡ. ನನ್ನ ಹೆಬ್ಬೆರಳಿನ ಕೆಳಗೆ ಒಂದು ಕ್ಲಿಕ್ಕರ್ ಇರುತ್ತದೆ. ಒಂದು ಎಸೆತಕ್ಕೆ ಒಂದು ಒತ್ತು. ಎಂಬತ್ತೈದಾದ ಕೂಡಲೇ ನಾನು ಎದ್ದು ನಿಂತು ಕೂಗುತ್ತೇನೆ, ಚೆಂಡು ಎಸೆಯುವ ಪಿಚರ್ ಮೈದಾನ ಬಿಡಬೇಕು. ಅಳುವವರು ಅಳಲಿ, ಬೈಯುವವರು ಬೈಯಲಿ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಎಂದು ಕೇಳುವವರಿಗೆ ನನ್ನ ತಮ್ಮನನ್ನು ತೋರಿಸುತ್ತೇನೆ. ಹದಿಮೂರನೆಯ ವಯಸ್ಸಿನಲ್ಲಿ ಅವನು ಒಂದೇ ಶನಿವಾರ ಎರಡು ಆಟ ಪೂರ್ತಿ ಎಸೆದ. ಊರೆಲ್ಲ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿತು. ಈಗ ಅವನಿಗೆ ಅರವತ್ತು, ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚುವುದು ಅವನ ಹೆಂಡತಿ, ಅದೂ ಅವಳಿಗೆ ಇಷ್ಟ ಬಂದ ಹಾಗೆ.

ಕೋಚ್‌ಗಳಲ್ಲೆಲ್ಲ ನನ್ನ ಹೊಟ್ಟೆ ಉರಿಸುವವನು ಗೇಲಾರ್ಡ್ ಓಸ್ಟ್ರಾಂಡರ್. ಒಂದನೆಯ ಕ್ಲಾಸಿನಿಂದ ಒಟ್ಟಿಗೆ ಬೆಳೆದವರು ನಾವು, ಅಂದಿನಿಂದ ಜಗಳ ನಿಂತಿಲ್ಲ. ಅವನ ತಂಡದ ಪಿಚರ್ ಅವನ ಮೊಮ್ಮಗಳು ಮಾರಿಟ್. ಹನ್ನೆರಡು ವರ್ಷ, ಕಡ್ಡಿಯಂಥ ಹುಡುಗಿ. ಅವಳು ಎಸೆದ ಚೆಂಡು ಮಾತ್ರ ಹೇಳಿದ ಕಡೆಗೇ ಹೋಗುತ್ತದೆ. ಪಕ್ಕದ ಎಲ್ಡರ್ಟನ್ ಊರಿನವರು ಹತ್ತೊಂಬತ್ತು ವರ್ಷದಿಂದ ನಮ್ಮನ್ನು ಫೈನಲ್‌ನಲ್ಲಿ ಬಡಿದುಹಾಕುತ್ತಿದ್ದರು. ಈ ಸಲ ಮಾರಿಟ್ ಇದ್ದಳು.

ಫೈನಲ್ ಇದ್ದದ್ದು ಜೋಳದ ಹಬ್ಬದ ದಿನ ಸಂಜೆ ಆರಕ್ಕೆ. ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಪ್ರತಿವರ್ಷದಂತೆ ನೀರಿನ ತೊಟ್ಟಿ. ತೊಟ್ಟಿಯ ಮೇಲಿನ ಹಲಗೆಯಲ್ಲಿ ಊರಿನ ದೊಡ್ಡ ಮನುಷ್ಯನೊಬ್ಬ ಕೂರುತ್ತಾನೆ. ಪಕ್ಕದ ಕೆಂಪು ಬಿಲ್ಲೆಗೆ ಚೆಂಡು ತಗುಲಿದರೆ ಹಲಗೆ ಕಳಚಿ ದೊಡ್ಡ ಮನುಷ್ಯ ನೀರಿಗೆ. ಆ ವರ್ಷದ ದೊಡ್ಡ ಮನುಷ್ಯ ಗೇಲಾರ್ಡ್.

"ಬಾರೋ ವರ್ಲಿನ್!" ಎಂದು ನನ್ನನ್ನು ಕಂಡ ಕೂಡಲೇ ಕೂಗಿದ. "ಜೀವಮಾನದಲ್ಲಿ ಒಂದು ಚೆಂಡು ಎಸೆದಿದ್ಯೇನೋ? ಬರೀ ಬೇರೆಯವರದ್ದು ಎಣಿಸೋದೇ ಆಯ್ತಲ್ಲ ನಿನ್ ಬಾಳು!"

ಅಷ್ಟು ಜನರ ಮುಂದೆ ಹೀಗಂದರೆ ಯಾರು ಬಿಡುತ್ತಾರೆ? ಮೂರು ಚೆಂಡು ಎಸೆದೆ. ಮೊದಲನೆಯದು ಪಾದ್ರಿಯ ಹೆಂಡತಿಯ ನಿಂಬೆ ಪಾನಕದ ಪಾತ್ರೆಗೆ ಬಿತ್ತು. ಎರಡನೆಯದು ಎಲ್ಲಿಗೆ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ. ಮೂರನೆಯದು ನನ್ನ ಹಿಂದೆಯೇ ಬಿತ್ತು. ಗೇಲಾರ್ಡ್ ನಗುತ್ತಾ ನಗುತ್ತಾ ತಾನಾಗಿಯೇ ನೀರಿಗೆ ಬೀಳುವುದರಲ್ಲಿದ್ದ.

ಆಗ ಮಾರಿಟ್ ಪಕ್ಕಕ್ಕೆ ಬಂದು ನಿಂತಳು. "ನಾನ್ ಎಸೀಲಾ, ವರ್ಲಿನ್ ತಾತ?"

"ಎಸಿ ಮಗಳೇ," ಎಂದೆ. "ಆ ಹಲಗೆ ಮೇಲಿರೋ ಹೋತನ್ನ ಬೀಳ್ಸು."

ಧಡ್ ಎಂದು ಬಿಲ್ಲೆಗೆ ತಗುಲಿತು. ಗೇಲಾರ್ಡ್ ಬೈಯುತ್ತಾ ನೀರಿಗೆ ಬಿದ್ದ. ಮೇಲೆ ಬಂದು ಹಲಗೆ ಸರಿಮಾಡಿಕೊಂಡು ಕೂರುವಷ್ಟರಲ್ಲಿ ಮತ್ತೆ ಧಡ್. ಅಯ್ಯೋ, ಆ ಸುಖವನ್ನು ಏನೆಂದು ಹೇಳಲಿ! ಅವನ ಬೋಳುತಲೆ ಮುಳುಗಿದಾಗಲೆಲ್ಲ ನನ್ನ ಆಯುಷ್ಯ ಒಂದೊಂದು ವರ್ಷ ಹೆಚ್ಚಿತು. ನಾನು ಚೆಂಡಿನ ಟಿಕೆಟ್ ಕೊಂಡು ತರುತ್ತಲೇ ಹೋದೆ, ಅವಳು ಎಸೆಯುತ್ತಲೇ ಹೋದಳು. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು. ಕೊನೆಗೆ ಗೇಲಾರ್ಡ್‌ನ ತುಟಿ ನೀಲಿಯಾದದ್ದು ನೋಡಿ ಚರ್ಚಿನವರೇ ಬಂದು ಅವನನ್ನು ಇಳಿಸಿದರು.

ಆಮೇಲೆ ಕರ್ಚೀಫಿಗೆಂದು ಜೇಬಿಗೆ ಕೈ ಹಾಕಿದರೆ ಕ್ಲಿಕ್ಕರ್ ಸಿಕ್ಕಿತು. ಚೆಂಡು ಕೈಬಿಟ್ಟದ್ದು ಕಂಡರೆ ಸಾಕು, ಜೇಬಿನೊಳಗಿದ್ದರೂ ಹೆಬ್ಬೆರಳು ತಾನಾಗಿ ಒತ್ತುತ್ತದೆ, ಇಷ್ಟು ವರ್ಷದ ಚಾಳಿ. ತೆಗೆದು ನೋಡಿದೆ. ಎಪ್ಪತ್ತೊಂದು.

ನನ್ನ ನಗು ಅಲ್ಲೇ ಸತ್ತಿತು. ಊರಿಗೆಲ್ಲ ಪಾಠ ಹೇಳುವ ನಾನೇ ಆ ಮಗುವಿನ ಕೈಯಿಂದ ಎಪ್ಪತ್ತೊಂದು ಎಸೆತ ಎಸೆಸಿದ್ದೆ, ಅದೂ ಫೈನಲ್ ದಿನ. ನಿಯಮದ ಪುಸ್ತಕವನ್ನು ಎರಡು ಸಲ ಓದಿದೆ. ಅದರಲ್ಲಿ ತೊಟ್ಟಿಯ ಮಾತೇ ಇಲ್ಲ, ಆಟದ ಎಸೆತಗಳಷ್ಟೇ ಲೆಕ್ಕ. ಸುಮ್ಮನಿದ್ದರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ಸಂಜೆ ಆಟ ಶುರುವಾಗುವಾಗ ಕ್ಲಿಕ್ಕರನ್ನು ಸೊನ್ನೆಗೆ ತರಬೇಕು. ನನಗೆ ಕೈ ಬರಲಿಲ್ಲ. ಎಪ್ಪತ್ತೊಂದರಿಂದಲೇ ಮುಂದುವರಿಸಿದೆ. ಮೊದಲ ಇನ್ನಿಂಗ್ಸ್‌ನಲ್ಲಿ ಮಾರಿಟ್ ಎಲ್ಡರ್ಟನ್‌ನ ಮೂವರನ್ನೂ ಸಾಲಾಗಿ ಔಟ್ ಮಾಡಿ ಕಳಿಸಿದಳು. ನಮ್ಮೂರಿನವರ ಕೂಗಿಗೆ ಪಾರಿವಾಳಗಳು ಎದ್ದು ಹೋದವು. ಅವಳು ಬೆಂಚಿಗೆ ಬಂದು ನೀರಿನ ಬಾಟಲಿಯನ್ನು ಎಡಗೈಯಲ್ಲಿ ಎತ್ತಿಕೊಂಡಳು. ಮುಚ್ಚಳವನ್ನು ಹಲ್ಲಿನಿಂದ ತಿರುಗಿಸಿದಳು. ಬಲಗೈ ತೊಡೆಯ ಮೇಲೆ ಬಿದ್ದಿತ್ತು.

ನಾನು ಎದ್ದು ನಿಂತೆ. "ಎಂಬತ್ತೈದು!"

ಅಂಪೈರ್ ಕ್ರೋವೆಲ್ ಮುಖಕವಚ ಎತ್ತಿ ನನ್ನನ್ನು ನೋಡಿದರು. ಅವರು ಊರಿನ ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುವವರು, ಯಾವುದಕ್ಕೂ ಗಾಬರಿಯಾಗುವವರಲ್ಲ. "ವರ್ಲಿನ್, ಈಗಷ್ಟೇ ಒಂದು ಇನ್ನಿಂಗ್ಸ್ ಆಗಿದೆ. ಹುಷಾರಾಗಿದ್ದೀರಾ?"

"ಇಲ್ಲಿ ಹದಿನಾಲ್ಕು. ಮಧ್ಯಾಹ್ನ ತೊಟ್ಟಿ ಹತ್ರ ಎಪ್ಪತ್ತೊಂದು. ಎಸೆಸಿದ್ದು ನಾನೇ."

ಗೇಲಾರ್ಡ್ ಓಡಿ ಬಂದ. ಇನ್ನೂ ಅವನ ಕಿವಿಯಿಂದ ನೀರು ಇಳಿಯುತ್ತಿತ್ತು. "ಲೇ, ತಲೆ ಕೆಟ್ಟಿದ್ಯೇನೋ ನಿಂಗೆ? ತೊಟ್ಟಿ ಎಸೆತನೂ ಎಣಿಸ್ತಾರೇನೋ ಯಾರಾದ್ರೂ?"

ಎಲ್ಡರ್ಟನ್ ಕೋಚೂ ಬಂದು ಮೂಗು ತೂರಿಸಿದ. "ಎಣಿಸ್ಲೇಬೇಕು ಸ್ವಾಮಿ! ಚೆಂಡು ಅಂದ್ಮೇಲೆ ಚೆಂಡೇ!"

"ಹಂಗಾದ್ರೆ ಲೆಕ್ಕ ಮುಗಿದ್ರೂ ಪಿಚರ್ ಎದುರಿಗಿರೋ ಬ್ಯಾಟರ್‌ನ ಮುಗಿಸಿಯೇ ಹೋಗ್ಬೋದಲ್ಲ, ಅದೂ ಪುಸ್ತಕದಲ್ಲಿದೆ!" ಎಂದ ಗೇಲಾರ್ಡ್.

"ಎಪ್ಪತ್ತೊಂದು ಎಸೆತಕ್ಕೂ ಅವಳ ಎದುರಿಗಿದ್ದೋನು ನೀನೇ," ಎಂದರು ಕ್ರೋವೆಲ್. "ನಿನ್ನ ಅವಳು ಆಗ್ಲೇ ಮುಗಿಸಿದ್ದಾಳೆ."

ಗ್ಯಾಲರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತೊಟ್ಟಿಯ ಚೆಂಡು ಹಗುರ ಎಂದೊಬ್ಬ, ಗುರಿ ತಪ್ಪಿದ್ದನ್ನು ಬಿಡಿ ಎಂದೊಬ್ಬ. ಗುರಿ ತಪ್ಪಿದವು ಎರಡೇ ಎಂದು ನಾನು ಹೇಳಿದೆ. ಗೇಲಾರ್ಡ್ ನನ್ನ ಅಂಗಿಯ ಕಾಲರ್ ಹಿಡಿದ, ನಾನು ಅವನ ಟೋಪಿ ಕಿತ್ತೆ. ಅರವತ್ತು ದಾಟಿದ ಇಬ್ಬರು ಬೆಂಚಿನ ಎದುರೇ ಹೀಗೆ ಎಳೆದಾಡುತ್ತಿದ್ದರೆ ಮಕ್ಕಳು ಸೂರ್ಯಕಾಂತಿ ಬೀಜ ತಿನ್ನುತ್ತಾ ನೋಡುತ್ತಿದ್ದರು.

ಕ್ರೋವೆಲ್ ನಮ್ಮನ್ನು ಬಿಡಿಸುವ ಗೋಜಿಗೆ ಹೋಗಲಿಲ್ಲ. ನೇರ ಬೆಂಚಿಗೆ ಹೋಗಿ ಮಾರಿಟ್ ಎದುರು ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದರು, "ಕೈ ನೋವಿದ್ಯಾ ಪುಟ್ಟಿ?"

ಅವಳು ತಾತನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. "ಮೊಣಕೈ. ಮೂರು ವಾರ ಆಯ್ತು."

ಗೇಲಾರ್ಡ್ ನನ್ನ ಕಾಲರ್ ಬಿಟ್ಟ. "ಮೂರು ವಾರ? ಹೇಳ್ಬಾರ್ದಿತ್ತೇನೇ?"

"ನೀನು ಇನ್ನೂ ಎಷ್ಟು ಎಸೆತ ಉಳಿದಿದೆ ಅಂತಷ್ಟೇ ಕೇಳ್ತಿದ್ದೆ ತಾತ. ನಾನು ಅದನ್ನ ಹೇಳ್ತಿದ್ದೆ."

ಗೇಲಾರ್ಡ್ ಅವಳ ಮುಂದೆ ಬಗ್ಗಿದ. ಬೆಂಚಿನ ಮೇಲಿದ್ದ ಅವಳ ಕೈಗವಸನ್ನು ತಾನೇ ಎತ್ತಿಟ್ಟ. ಅವಳ ಜಾಗಕ್ಕೆ ಡೆಸ್ಮಂಡ್ ಎಂಬ ಹುಡುಗನನ್ನು ಕಳಿಸಿದ. ಆ ಹುಡುಗ ಅಲ್ಲಿಯವರೆಗೆ ಮೈದಾನದ ತುದಿಯಲ್ಲಿ ಮಿಡತೆ ಹಿಡಿಯುವುದು ಬಿಟ್ಟು ಬೇರೇನೂ ಮಾಡಿದವನಲ್ಲ. ಅವನ ಮೊದಲ ಎಸೆತ ಕ್ರೋವೆಲ್ ಅವರ ಮೊಣಕಾಲಿಗೆ, ಎರಡನೆಯದು ತಿಂಡಿ ಗೂಡಂಗಡಿಗೆ. ನಾವು ಹತ್ತೊಂಬತ್ತು–ಎರಡರಿಂದ ಸೋತೆವು. ಗೇಲಾರ್ಡ್ ಅದನ್ನು ನೋಡಲೂ ಇಲ್ಲ. ಆಟ ಮುಗಿಯುವವರೆಗೂ ಮೊಮ್ಮಗಳ ಪಕ್ಕ ಕೂತು ಅವಳ ಮೊಣಕೈಗೆ ಐಸ್ ಒತ್ತಿ ಹಿಡಿದಿದ್ದ. ಮಾರನೆಯ ದಿನ ಡಾಕ್ಟರು ಎರಡು ತಿಂಗಳು ಚೆಂಡು ಮುಟ್ಟಬಾರದೆಂದರು. ಇನ್ನೊಂದು ವಾರ ಎಸೆದಿದ್ದರೆ ಆಪರೇಷನ್ನೇ ಆಗಬೇಕಿತ್ತಂತೆ.

ಆಟದ ಸಂಜೆ ಜನವೆಲ್ಲ ಹೋದ ಮೇಲೆ ನಾನು ಅವಳ ಹತ್ತಿರ ಹೋದೆ. ಕ್ಷಮೆ ಕೇಳಲು ಹೋದವನ ಬಾಯಿಂದ ಎಂದಿನಂತೆ ಗದರಿಕೆಯೇ ಬಂತು. "ತೊಟ್ಟಿ ಹತ್ರ ಅಷ್ಟೊಂದು ಯಾಕೆ ಎಸೆದೆ? ಆಗ ನೋಯ್ತಿರ್ಲಿಲ್ವಾ?"

"ತುಂಬ ನೋಯ್ತಿತ್ತು," ಎಂದಳು. "ಆದ್ರೆ ನೀವು ಅಷ್ಟು ನಗೋದನ್ನ ನಾನು ಯಾವತ್ತೂ ನೋಡಿರ್ಲಿಲ್ಲ, ವರ್ಲಿನ್ ತಾತ. ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ."

ಗೇಲಾರ್ಡ್ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಒಬ್ಬ ಮುದುಕನಿಗೆ ಗೆಲ್ಲುವ ಆಸೆ, ಇನ್ನೊಬ್ಬನಿಗೆ ನಗುವ ಆಸೆ. ಇಬ್ಬರದ್ದನ್ನೂ ಆ ಮಗು ಒಂದೇ ಕೈಯಲ್ಲಿ ಹೊತ್ತಿತ್ತು. ನನಗೆ ಅಳು ಬಂತು, ಅಲ್ಲೇ ಅವಳ ಪಕ್ಕದಲ್ಲಿ ಕೂತು ಅತ್ತೆ.